ಮರಸೇಬಿಗೆ ಕಟ್ಟಿದ ಚಪ್ಪಲಿ

ಇವತ್ತು ನಾಗಮಂಗಲದ ಮನೆಗೆ ಹೋದಾಗ, ಪಕ್ಕದ ದೊಡ್ಡಪ್ಪನ ಹಿತ್ತಲ ಮರಸೇಬಿನ, ಅಂದರೆ ಪೇರ್ ಹಣ್ಣಿನ ಮರದ, ಕೊಂಬೆಗೆ ಹಳೇ ಚಪ್ಪಲಿಯೊಂದು ನೇತಾಡುತ್ತಿತ್ತು. ಕಾಯಿ ಬಿಡದ ಮರಕ್ಕೆ, ನಾಚಿಯಾದರೂ ಬಿಡಲೆಂದು, ನಮ್ಮ ಕಡೆ ಹೀಗೆ ಅವಮಾನ ಮಾಡುವುದುಂಟು.

ಗೋಡೆಯ ಈಚೆ ಅವ್ವನದೂ ಒಂದು ಮರಸೇಬಿತ್ತು. ಹಣ್ಣು ಮುಟ್ಟಿದರೆ ಒರಟು, ಕಚ್ಚಿದರೆ ಅಂಗಿಯೆಲ್ಲ ರಸದ ಗುರುತು. ಅವ್ವ ತವರಿಗೆ ಹೋಗಿದ್ದ ದಿನ ದೊಡ್ಡಪ್ಪ ಅದನ್ನು ಕಡಿಸಿದರು.

"ನೆರಳು ನನ್ ಮರಕ್ಕೆ ಬೀಳ್ತಿತ್ತು ಕಣವ್ವ" ಅಂದರು, ಅವ್ವ ವಾಪಸು ಬಂದಾಗ.

ಅವ್ವ ಆ ಬೇಸಿಗೆಯೆಲ್ಲ ಕಡಿದ ಬುಡಕ್ಕೆ ನೀರು ಹಾಕಿದಳು.

ಅಂದಿನಿಂದ ದೊಡ್ಡಪ್ಪನ ಮರದಲ್ಲಿ ಹೂವುಂಟು, ಕಾಯಿ ಇಲ್ಲ. ಮರಸೇಬು ಕಾಯಿಗಟ್ಟಲು ಪಕ್ಕದಲ್ಲಿ ಬೇರೆ ತಳಿಯ ಜೊತೆಮರ ಬೇಕು. ಇದು ನನಗೆ ಗೊತ್ತು, ಅವರಿಗೆ ಹೇಳಿಲ್ಲ.

"ಏನ್ಲಾ ಮಾಡದು ಇದ್ಕೆ?" ಎಂದು ಇವತ್ತು ಕೇಳಿದರು.

"ಒಂದೇ ಚಪ್ಪಲಿ ಸಾಲ್ದು ದೊಡ್ಡಪ್ಪ" ಅಂದೆ. "ಜೋಡಿ ಕಟ್ಟಿ."