ನಾನು ನೋಡದೆ ಬಿಟ್ಟ ಪಂಪು

ನರ್ಸಮ್ಮನವರ ಹಳೆಯ ಕಾರು ಮೂರು ದಿನದಿಂದ ನನ್ನ ಶೆಡ್ಡಿನಲ್ಲಿತ್ತು. ನಿಂತಲ್ಲಿ ಬೆಕ್ಕಿನಂತೆ ಗುರುಗುಡುತ್ತಿದ್ದ ಎಂಜಿನ್, ಆಕ್ಸಿಲರೇಟರ್ ಒತ್ತಿದೊಡನೆ ಉಸಿರು ಕಟ್ಟಿ ಮುಗ್ಗರಿಸುತ್ತಿತ್ತು. ಹಾಗೆ ಮುಗ್ಗರಿಸಿಯೇ ಅದು ಅವರನ್ನು ಲಾರಿಯೆದುರು ನಿಲ್ಲಿಸಿತ್ತು. ಅಂದು ಸಂಜೆಯೊಳಗೆ ಸರಿಹೋಗದಿದ್ದರೆ ಗುಜರಿಗೆ ಹಾಕುವುದಾಗಿ ಹೇಳಿದ್ದರು.

ಪ್ಲಗ್ ಬದಲಿಸಿದೆ, ಪಾಯಿಂಟ್ ಉಜ್ಜಿದೆ, ಪೆಟ್ರೋಲ್ ಪೈಪು ಊದಿದೆ. ನನ್ನ ಸೊಂಟ ಬಿದ್ದುಹೋಯಿತೇ ಹೊರತು ಕಾರು ಹಟ ಬಿಡಲಿಲ್ಲ. ಶಾಲೆಯ ಮೆಟ್ಟಿಲು ಹತ್ತದೆ, ಬರೀ ಕಿವಿಯಿಂದ ಎಂಜಿನ್ ಕಲಿತವನಿಗೆ ಇದೆಂಥ ಸೋಲು!

ಮೂವತ್ತು ವರ್ಷದಿಂದ ನಾನು ಬಿಚ್ಚುವ ಕಾರುಗಳ ಪೆಡಲ್ ಒತ್ತುವವಳು ನನ್ನ ಹೆಂಡತಿ. ಅಂದೂ ಡ್ರೈವರ್ ಸೀಟಿನಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು.

"ರೀ, ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿದ್ರಾ? ಒತ್ತಿದ ತಕ್ಷಣ ಪೆಟ್ರೋಲ್ ಚಿಮ್ಮಬೇಕು ಅಂತ ಊರಿಗೆಲ್ಲ ಪಾಠ ಹೇಳ್ತೀರಲ್ಲ!"

"ಪೆಟ್ರೋಲ್ ಚಿಮ್ಮಿಸೋ ಅದರ ಪಂಪಿಗೆ ಹೋದ ತಿಂಗಳು ನಾನೇ ಹೊಸ ವಾಷರ್ ಹಾಕಿದೀನಿ ಕಣೇ."

"ಅದಕ್ಕೇ ಕೇಳಿದ್ದು."

ಎಂಜಿನ್ ಆರಿಸಿ ಟಾರ್ಚ್ ಹಿಡಿದೆ. ಅವಳು ಪೆಡಲ್ ಒತ್ತಿದಳು. ಒಂದು ಹನಿಯೂ ಚಿಮ್ಮಲಿಲ್ಲ. ಪಂಪು ಬಿಚ್ಚಿದರೆ ತೊಗಲಿನ ವಾಷರಿನ ಅಂಚು ಮಡಚಿಕೊಂಡಿತ್ತು. ಎಣ್ಣೆಯಲ್ಲಿ ನೆನೆಸದೆ, ಅವಸರದಲ್ಲಿ ಒಣಗಿದ್ದನ್ನೇ ತುರುಕಿದ ಹೆಬ್ಬೆರಳು ನನ್ನದೇ. ದೀಪದ ಬುಡದಲ್ಲೇ ಕತ್ತಲು.

ಬೇರೆ ವಾಷರ್ ನೆನೆಸಿ ಹಾಕಿದೆ. ಪೆಡಲ್ ಒತ್ತಿದಂತೆ ಕಾರು ಓಡಿತು.

ಸಂಜೆ ನರ್ಸಮ್ಮ ಕೇಳಿದರು: "ಏನಾಗಿತ್ತು ಮೇಸ್ತ್ರಿ?"

'ಹಳೇ ಗಾಡಿ ಅಲ್ವಾ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಹೆಂಡತಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು.

"ತಪ್ಪು ನನ್ನದೇ ಅಮ್ಮಾ. ಲಾರಿ ಎದುರು ನಿಮ್ಮನ್ನ ನಿಲ್ಲಿಸಿದ್ದು ನನ್ನ ಕೈ."

ಅವರು ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. ಆಮೇಲೆ ಕೀಲಿ ತೆಗೆದುಕೊಂಡರು.

"ಸದ್ಯ, ಗುಜರಿಗೆ ಹೋಗಬೇಕಾದ್ದು ಕಾರಲ್ಲ ಅಂತಾಯ್ತು."