ಸ್ವಿಚ್ ಆರಿಸಿದ ಮೇಲಿನ ನಾಲ್ಕು ಹೊಲಿಗೆ

ಬಾಣಾವರದ ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ, ಟೈಲರಕ್ಕನ ಮೆಷಿನ್ನಿನಲ್ಲಿ ಅವಳ ಸತ್ತ ಅತ್ತೆ ಕೂತಿದ್ದಳು ಅನ್ನುತ್ತಾರೆ. ಸಾಕ್ಷಿ ಎಲ್ಲಿ ಅಂದರೆ ಒಬ್ಬರ ಬಳಿಯೂ ಇಲ್ಲ. ಮೊನ್ನೆ ಅಮ್ಮನ ಹೊಲಿಗೆ ಮೆಷಿನ್ ರಿಪೇರಿಗೆಂದು ಅರಸೀಕೆರೆಗೆ ಹೊತ್ತೊಯ್ದಾಗ, ಅಂಗಡಿ ಬಾಗಿಲಲ್ಲೇ ಮೆಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಎದುರುಮನೆಯ ಆ ಅಕ್ಕನ ಬೆರಳುಗಳಿಂದ ಬರುತ್ತಿದ್ದ ಅದೇ ವಾಸನೆ...

ಅಕ್ಕ ಹೊಸ ಕರೆಂಟ್ ಮೆಷಿನ್ ತಂದ ತಿಂಗಳಿಗೇ ಶುರುವಾಗಿತ್ತು. ಗೋಡೆಯ ಸ್ವಿಚ್ ಆರಿಸಿ ಎದ್ದ ಮೇಲೂ ಸೂಜಿ ನಾಲ್ಕು ಹೊಲಿಗೆ ಹಾಕಿ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ನಿಂತು ನನ್ನೊಡನೆ ಮಾತಾಡುತ್ತಿದ್ದಾಗ ನಾನೂ ಕೇಳಿದೆ. ಯಾರೂ ಇಲ್ಲದ ಒಳಮನೆಯಲ್ಲಿ ಟಕ್, ಟಕ್, ಟಕ್, ಟಕ್.

"ನಿಮ್ಮತ್ತೆನೇ ಅಂತಾರಲ್ಲಕ್ಕ?"

"ಬದುಕಿದ್ದಾಗ ಒಂದ್ ಗುಂಡಿ ಹಾಕ್ದೋಳಲ್ಲ ಕಣೇ, ಸತ್ಮೇಲೆ ಬ್ಲೌಸ್ ಹೊಲೀತಾಳಾ? ನಿಂಗೆ ಬಾಯಿ ಐತಲ್ಲ ಲಾಯರಮ್ಮ, ಅರ್ಜಿ ಬರಿ."

ಮಾರಿದ ಅಂಗಡಿಯವನು ಬದಲಿಸಿಕೊಡಲು ಒಪ್ಪಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುರುಪಿನಲ್ಲಿ ಗ್ರಾಹಕರ ಆಯೋಗಕ್ಕೆ ದೂರು ಬರೆದುಕೊಟ್ಟೆ. ಹೊಲಿದು ದುಡಿಯುವ ಹೆಂಗಸು ವ್ಯಾಪಾರಿ, ಗ್ರಾಹಕಿಯಲ್ಲ ಎಂದು ಅವನ ಉತ್ತರ ಬಂತು. ಹೊಟ್ಟೆಪಾಡಿಗೆ ತಾನೇ ಕೂತು ಹೊಲಿಯುವವಳೂ ಕಾನೂನಿನ ಪ್ರಕಾರ ಗ್ರಾಹಕಿಯೇ ಎಂದೆ. ಆಯೋಗ ನನ್ನ ಮಾತನ್ನೇ ಒಪ್ಪಿತು. ರಾಜಿಗೆ ಅವನು ಒಪ್ಪದಿದ್ದಾಗ, ಮೆಷಿನ್ ಪರೀಕ್ಷಿಸಲು ಆಯೋಗ ಒಬ್ಬ ಮೆಕ್ಯಾನಿಕ್‌ನನ್ನು ನೇಮಿಸಿತು.

ಮೆಕ್ಯಾನಿಕ್ ಬರುವ ದಿನ ಹೋಗಿ ನೋಡಿದರೆ, ಅಕ್ಕ ಮೆಷಿನ್ನಿನ ದಾರದ ಕಸವೆಲ್ಲ ತೆಗೆದು, ಎಣ್ಣೆ ಬಿಟ್ಟು, ಕುಂಕುಮವಿಟ್ಟು, ಹೂವು ಮುಡಿಸಿದ್ದಳು!

"ಅಯ್ಯೋ ಅಕ್ಕ, ಸಾಕ್ಷಿನೇ ಒರಸ್ಬಿಟ್ಯಲ್ಲ!"

"ಹೊರಗಿನೋರು ಬತ್ತಾರೆ, ಕೊಳಕು ಮೆಷಿನ್ ತೋರ್ಸಕ್ಕಾಗುತ್ತೇನೇ?"

ಮೆಕ್ಯಾನಿಕ್ ಅರ್ಧ ಗಂಟೆ ಓಡಿಸಿದರು. ಆರಿಸಿದಾಗಲೆಲ್ಲ ಸೂಜಿ ನಿಂತಿತು. ದೋಷವಿಲ್ಲ ಎಂದು ವರದಿ ಬಂತು, ದೂರು ವಜಾ ಆಯಿತು.

ಅಕ್ಕ ಮೆಷಿನ್ನಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟಳು. ಅಲ್ಲಿಗೇ ಬಿಡಬಹುದಿತ್ತು... ನಾನು ಬಿಡಲಿಲ್ಲ. ಪರೀಕ್ಷೆ ಆಗಿದೆ, ವರದಿ ಇದೆ, ಇನ್ನು ಹೆದರುವುದು ಮೂಢನಂಬಿಕೆ ಎಂದು ವಾದಿಸಿದೆ. "ಓದ್ದೋಳು ನೀನೇ ಹೇಳ್ತೀಯಲ್ಲ, ಆಯ್ತು ಬಿಡು" ಎಂದು ಮತ್ತೆ ಕೂತಳು. ಮೂರನೇ ದಿನ, ಸ್ವಿಚ್ ಆರಿಸಿ ದಾರ ಪೋಣಿಸುವಾಗ, ಸೂಜಿ ಅವಳ ತೋರುಬೆರಳಿನಲ್ಲಿ ನಾಲ್ಕು ಸಲ ಇಳಿಯಿತು.

ಗಾಯ ಕೀವಾಗಿ ಬೆರಳನ್ನೇ ಕತ್ತರಿಸಿ ತೆಗೆಯಬೇಕಾಯಿತು. ಕತ್ತರಿ ಹಿಡಿಯಲಾಗದೆ ಅಕ್ಕ ಹಾರನಹಳ್ಳಿಯ ತವರಿಗೆ ಹೋದಳು. ಹೋದ ವರ್ಷ ಅಲ್ಲೇ ತೀರಿಕೊಂಡಳಂತೆ. ನನ್ನನ್ನು ಒಂದು ಮಾತೂ ಅಂದವಳಲ್ಲ...

ಎಲ್ಲೋ ದಾರದ ಕಸ ಸಿಕ್ಕಿಕೊಂಡಿತ್ತು ಅಷ್ಟೇ ಎಂದು ಈಗಲೂ ವಾದಿಸುತ್ತೇನೆ. ಆರಿಸಿದ ಸ್ವಿಚ್ಚಿನಿಂದ ಕರೆಂಟ್ ಹೇಗೆ ಬಂತು ಅಂದರೆ ನನ್ನ ವಾದ ಅಲ್ಲಿಗೆ ನಿಲ್ಲುತ್ತದೆ.

ಮೊನ್ನೆ ಅರಸೀಕೆರೆಯ ಅಂಗಡಿಯಲ್ಲಿ ಕೂತಿದ್ದವರು ಆಯೋಗ ಕಳಿಸಿದ್ದ ಅದೇ ಮೆಕ್ಯಾನಿಕ್. ಅಮ್ಮನ ಮೆಷಿನ್ನಿಗೆ ತುಂಡು ಬಟ್ಟೆ ಕೊಟ್ಟು, ಸೂಜಿಯ ಪಕ್ಕದಲ್ಲೇ ಬೆರಳಿಟ್ಟು ಆರಾಮಾಗಿ ಓಡಿಸಿ ನೋಡಿದರು. ಆಗ ಹೊಳೆಯಿತು. ಅಂದು ಅಕ್ಕನ ಮೆಷಿನ್ ಮುಂದೆ ಇವರ ಬೆರಳು ಒಮ್ಮೆಯೂ ಸೂಜಿಯ ಹತ್ತಿರ ಹೋಗಿರಲಿಲ್ಲ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಅದರ ತುದಿಯಿಂದ ಬಟ್ಟೆ ತಳ್ಳಿದ್ದರು.

ಅಕ್ಕನ ಮೆಷಿನ್ ಪರೀಕ್ಷಿಸಿದ ಆ ದಿನವನ್ನು ನೆನಪು ಮಾಡಿಕೊಟ್ಟೆ. ಅವರು ಮೆಷಿನ್ ನಿಲ್ಲಿಸಿ, ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ದೋಷ ಇಲ್ಲ ಅಂತ ನೀವೇ ಬರೆದ್ರಲ್ಲ ಸಾರ್, ಹಾಗಾದ್ರೆ ಆವತ್ತು ಪೆನ್ಸಿಲ್ ಯಾಕೆ ಹಿಡಿದ್ರಿ?"