ಕಾಡುಹಂದಿಗಳನ್ನು ಕರೆದವರು ಯಾರು?

ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸಿತು ಎನ್ನುವವರಿಗೆ ನಿದ್ದೆ ಸಾಲದು ಎಂದು ನಗುತ್ತಿದ್ದವಳು ನಾನು. ಆ ಒಂದು ಮಧ್ಯಾಹ್ನವನ್ನು ಬಿಟ್ಟರೆ ಈಗಲೂ ಅದನ್ನೇ ಹೇಳುತ್ತೇನೆ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಇಂಗ್ಲೆಂಡಿನ ಲೀಡ್ಸ್‌ನ ಹೆಡಿಂಗ್ಲೀಯಲ್ಲಿ ನಮ್ಮ ಬಾಡಿಗೆ ಮನೆ. ಗಂಡ ಶ್ರೀಧರನಿಗೆ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಪಾಳಿ. ಮನೆಗೆ ಬಂದರೆ ನಿದ್ದೆ. ಎಷ್ಟೋ ದಿನ ನಾನು ಬಾಯಿಬಿಟ್ಟು ಕನ್ನಡ ಆಡಿದ್ದೇ ಇಲ್ಲ. ಲೈಬ್ರರಿಯಲ್ಲಿ ಪರಿಚಯವಾದ ಜೋನ್ ಎಂಬ ಹಿರಿಯ ಹೆಂಗಸು ಊರಾಚೆಯ ತಮ್ಮ ಸ್ವಂತ ಕಾಡಿಗೆ ಬೇಲಿ ಹಾಕಿಸಿ ಕಾಡುಹಂದಿ ಸಾಕಿದ್ದರು. ಆ ದೇಶದಲ್ಲಿ ಎಂದೋ ಅಳಿದುಹೋದ ಪ್ರಾಣಿ. ಮತ್ತೆ ಅಲ್ಲಿಯ ಮಣ್ಣು ಕೆದರಿಕೊಂಡು ಬದುಕಲಿ ಎಂದು ಅವರ ಆಸೆ. ಶನಿವಾರ ಬಸ್ಸು ಹಿಡಿದು ಹೋಗಿ ನಾನೂ ಸೇಬು, ಬಾರ್ಲಿ ಹಾಕುತ್ತಿದ್ದೆ. "ಬಾ ಬಾ ಬಾ" ಎಂದರೆ ಸಾಕು, ಮೈಮೇಲೆ ಪಟ್ಟೆಯಿರುವ ಮರಿಗಳ ಸಮೇತ ಓಡಿ ಬರುತ್ತಿದ್ದವು. ನನ್ನ ಕನ್ನಡಕ್ಕೆ ಕಿವಿಗೊಡುತ್ತಿದ್ದದ್ದು ಆ ಹಂದಿಗಳೇ.

ಒಂದು ಶನಿವಾರ ಹೋದಾಗ ದಟ್ಟ ಮಂಜು. ಹಿಂದಿನ ದಿನದ ಗಾಳಿಗೆ ಮರ ಬಿದ್ದು ಬೇಲಿ ಮುರಿದಿತ್ತು. ಹಂದಿಗಳು ರಸ್ತೆಯ ಕಡೆ ಇಳಿಯುತ್ತಿದ್ದವು. ರಸ್ತೆಗೆ ಬಂದರೆ ಅಪಾಯವೆಂದು ಪೊಲೀಸರು ಗುಂಡು ಹೊಡೆಯುತ್ತಾರೆ. ಜೋನ್ ಗುಡ್ಡದ ಮೇಲಿನ ದೊಡ್ಡಿಯ ಗೇಟು ತೆರೆಯಲು ಓಡಿದರು. ನಾನು ಕೆಳಗೆ ಅಡ್ಡ ನಿಂತೆ. ಮಂಜಿನೊಳಗಿಂದ ದೊಡ್ಡ ತಾಯಿಹಂದಿ ನನ್ನೆದುರೇ ಬಂದು ನಿಂತಿತು. ಕರೆಯಲು ಹೋದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ.

ಆಗ ಗುಡ್ಡದ ಮೇಲಿನಿಂದ "ಬಾ ಬಾ ಬಾ" ಎಂದು ಕೇಳಿಸಿತು. ನನ್ನದೇ ದನಿ. ತಾಯಿಹಂದಿ ಕಿವಿ ನಿಮಿರಿಸಿ, ತಿರುಗಿ ಓಡಿತು. ಅದರ ಹಿಂದೆಯೇ ಉಳಿದವೂ ಓಡಿದವು.

ನಾನು ಮೇಲೆ ಹತ್ತುವಷ್ಟರಲ್ಲಿ ಜೋನ್ ಹಂದಿಗಳನ್ನು ಒಳಗೆ ಹಾಕಿ ಗೇಟು ಮುಚ್ಚಿದ್ದರು. ನನ್ನನ್ನು ಕಂಡು ಬೆರಗಾದರು.

"ದೊಡ್ಡಿಯೊಳಗೆ ನಿಂತು ಕರೀತಿದ್ದೆಯಲ್ಲ, ಮಗಳೇ! ಕೆಳಗಿನಿಂದ ಹೇಗೆ ಬಂದೆ?"

"ನಾನು ಕರೆಯಲೇ ಇಲ್ಲ, ಜೋನ್."

"ಕೊನೆಗೆ ನೀನು ಹೊಸದೇನೋ ಅಂದೆಯಲ್ಲ," ಎಂದು ಅವರು ತಡವರಿಸುತ್ತಾ ಅಂದು ತೋರಿಸಿದರು: "ಮನೇಗೆ ಬನ್ನಿ."

ಹಂದಿಗಳಿಗೆ ನಾನು ಹಾಗೆ ಎಂದೂ ಅಂದವಳಲ್ಲ. ಜೋನ್‌ಗೆ ಕನ್ನಡ ಬಾರದು.

ಸಂಜೆ ಶ್ರೀಧರನಿಗೆ ಹೇಳಿದೆ. "ಗಾಬರೀಲಿ ನೀನೇ ಕರೆದಿರ್ತೀಯ ಕಣೇ, ನೆನಪಿಲ್ಲ ಅಷ್ಟೆ. ಮೇಲಿಂದ ಕೇಳ್ಸಿದ್ದು ಎಕೋ," ಎಂದು ಮಗ್ಗುಲು ಬದಲಿಸಿದ. ಇರಬಹುದು ಎಂದುಕೊಂಡು ನೋಡಿದೆ. ಮನಸ್ಸು ಒಪ್ಪಲಿಲ್ಲ.

ಮುಂದಿನ ಶನಿವಾರ, ಬೇಲಿ ರಿಪೇರಿಯಾಗಿ ಹಂದಿಗಳು ಕಾಡಿಗೆ ಮರಳಿದ ಮೇಲೆ, ಆ ದೊಡ್ಡಿಯಲ್ಲಿ ಒಬ್ಬಳೇ ನಿಂತು "ಮನೆಗೆ ಬನ್ನಿ" ಎಂದು ಕೂಗಿದೆ. ಹಂದಿಗಳು ತಲೆಯೆತ್ತಿ ನನ್ನನ್ನು ನೋಡಿದವು. ಒಂದೂ ಬರಲಿಲ್ಲ.